ಕೂಸಿನ ತೂಕ, ಇಡೀ ಮನೆಯ ಕೆಲಸ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೂಸಿನ ತೂಕದ ಬಗ್ಗೆಯೇ ಇವೆ. ಕೂಸು ಸೊರಗಿದೆ ಅನ್ನೋ ಪತ್ರಗಳು ಮೊದಲಿನಿಂದಲೂ ಬರುತ್ತಿದ್ದವು. ತೂಕ ಜಾಸ್ತಿ ಆಯಿತು ಅನ್ನೋ ಪತ್ರಗಳು ಈಚೆಗೆ ಶುರುವಾಗಿವೆ. ಹಾಗಾಗಿ ಈ ಕಂತನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು ಹೇಳಬೇಕು. ನಾನು ಡಾಕ್ಟರ್ ಅಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಮನೆಮನೆ ತಿರುಗಿ ಬಾಣಂತಿ-ಕೂಸುಗಳನ್ನು ನೋಡಿಕೊಂಡು, ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದವಳು. ಈಗ ಧಾರವಾಡದಲ್ಲಿದ್ದೇನೆ. ಔಷಧದ ವಿಷಯ ಬಂದರೆ ನಿಮ್ಮ ಮಕ್ಕಳ ಡಾಕ್ಟರನ್ನೇ ಕೇಳಿ.

ನರ್ಸಬಾಯಾರಿಗೆ ನಮಸ್ಕಾರ. ನನ್ನ ಮಗನಿಗೆ 8 ತಿಂಗಳು. ತೂಕ 10 ಕೆಜಿ 400 ಗ್ರಾಂ, ಉದ್ದ 70 ಸೆಂ.ಮೀ. ಮಕ್ಕಳ ಡಾಕ್ಟರು ‘ತೂಕ ಜಾಸ್ತಿ ಆಗಿದೆ, ನೋಡಿಕೊಳ್ಳಿ’ ಎಂದರು. ನಾನು ಕೆಲಸಕ್ಕೆ ಹೋಗುತ್ತೇನೆ, ಹಗಲೆಲ್ಲ ಅತ್ತೆ ನೋಡಿಕೊಳ್ಳುತ್ತಾರೆ. ಎಮ್ಮೆ ಹಾಲಿಗೆ ಸಕ್ಕರೆ ಹಾಕಿ ಬಾಟಲಿಯಲ್ಲಿ ಕುಡಿಸುತ್ತಾರೆ. ಚಹಾದಲ್ಲಿ ಬಿಸ್ಕೀಟು ಅದ್ದಿ ಕೊಡುತ್ತಾರೆ. ಫೋನ್ ಹಚ್ಚಿದರೆ ಮಾತ್ರ ಬಾಯಿ ತೆರೆಯುತ್ತಾನೆ. ಓಣಿಯವರೆಲ್ಲ ‘ಎಷ್ಟು ಚಂದ ದುಂಡಗಿದ್ದಾನ’ ಎನ್ನುತ್ತಾರೆ. ಅತ್ತೆಗೆ ಹೇಗೆ ಹೇಳಲಿ? ಮಗನ ಊಟ ಕಡಿಮೆ ಮಾಡಬೇಕಾ?
— ಒಬ್ಬ ತಾಯಿ, ಕೇಶ್ವಾಪುರ, ಹುಬ್ಬಳ್ಳಿ

ಮೊದಲು ಕೊನೆಯ ಪ್ರಶ್ನೆ. ಬೇಡ ತಂಗಿ. ಈ ವಯಸ್ಸಿನ ಕೂಸನ್ನು ಉಪವಾಸ ಕೆಡವಬಾರದು, ಎದೆಹಾಲನ್ನಂತೂ ಕಡಿಮೆ ಮಾಡಲೇಬಾರದು. ತೂಕ ಇಳಿಸೋದು ನಮ್ಮ ಕೆಲಸವಲ್ಲ. ಏರುವ ವೇಗ ಕಡಿಮೆಯಾದರೆ ಸಾಕು. ಮಗ ಉದ್ದ ಬೆಳೆಯುತ್ತಾನೆ, ಆ ಉದ್ದಕ್ಕೆ ತೂಕ ತಾನಾಗೇ ಹೊಂದಿಕೊಳ್ಳುತ್ತದೆ.

ಡಾಕ್ಟರು ಜಾಸ್ತಿ ಎಂದದ್ದು ಯಾವ ಲೆಕ್ಕದ ಮೇಲೆ ಅಂತ ನಿಮಗೂ ತಿಳಿದಿರಲಿ. ಬರೀ ತೂಕ ನೋಡಿ ಹೀಗೆ ಹೇಳೋದಿಲ್ಲ, ಉದ್ದಕ್ಕೆ ತಕ್ಕ ತೂಕದ ಪಟ್ಟಿ ನೋಡುತ್ತಾರೆ. 70 ಸೆಂ.ಮೀ ಉದ್ದದ ಗಂಡು ಕೂಸಿಗೆ ನಡುವಿನ ತೂಕ ಸುಮಾರು 8.5 ಕೆಜಿ. 10 ಕೆಜಿ ದಾಟಿದರೆ ಅದನ್ನು ಅಧಿಕ ತೂಕ ಅಂತ ಗುರುತಿಸುತ್ತಾರೆ. ಈ ಪಟ್ಟಿ ಬಿಳಿಯರ ಮಕ್ಕಳದ್ದು, ನಮಗೆ ಹೊಂದೋದಿಲ್ಲ ಅನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರಡಿಸಿದ ಈ ಪಟ್ಟಿಗೆ ಆರು ದೇಶಗಳಲ್ಲಿ ಮಕ್ಕಳನ್ನು ಅಳೆದಿದ್ದರು. ಅದರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು.

ಇನ್ನು ಹಾಲು. ಒಂದು ವರ್ಷ ತುಂಬುವವರೆಗೆ ಎಮ್ಮೆ ಹಾಲಾಗಲಿ ಆಕಳ ಹಾಲಾಗಲಿ ಕೂಸಿನ ಮುಖ್ಯ ಹಾಲು ಆಗಬಾರದು. ಎಮ್ಮೆ ಹಾಲಿನಲ್ಲಿ ಕೊಬ್ಬು ಆಕಳ ಹಾಲಿಗಿಂತ ಬಹಳ ಹೆಚ್ಚು. ಪ್ರೋಟೀನೂ ಎದೆಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಕಬ್ಬಿಣದ ಅಂಶ ಮಾತ್ರ ತೀರಾ ಕಡಿಮೆ. ಹೊಟ್ಟೆ ತುಂಬ ಇದೇ ಹಾಲು ಕುಡಿದ ಕೂಸು ದುಂಡಗೂ ಇರುತ್ತದೆ, ರಕ್ತ ಕಡಿಮೆಯಾಗಿ ಬಿಳಿಚಿಕೊಂಡೂ ಇರುತ್ತದೆ. ಅಂಥ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಮನೆಯವರಿಗೆ ಬಿಳುಪು ಬಣ್ಣವಾಗಿ ಕಾಣುತ್ತದೆ, ಅದಕ್ಕೂ ಖುಷಿಪಡುತ್ತಾರೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಮಗನ ಹಿಮೋಗ್ಲೋಬಿನ್ ಬಗ್ಗೆಯೂ ಕೇಳಿ.

ನಿಮಗಿನ್ನೂ ಎದೆಹಾಲು ಇದ್ದರೆ ಬೆಳಗ್ಗೆ, ಸಂಜೆ, ರಾತ್ರಿ ಕುಡಿಸಿ. ಹೋಗುವ ಮುಂಚೆ ಹಿಂಡಿ ಸ್ಟೀಲ್ ಡಬ್ಬಿಯಲ್ಲಿಟ್ಟರೆ ತಂಪು ಜಾಗದಲ್ಲಿ 4 ತಾಸು, ಫ್ರಿಜ್‌ನಲ್ಲಿ 24 ತಾಸು ಇರುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಹೊರಗೆ ಇಡಬೇಡಿ, ಫ್ರಿಜ್ಜೇ ಬೇಕು. ಎದೆಹಾಲು ನಿಂತೇ ಹೋಗಿದ್ದರೆ ಬದಲಿಗೆ ಏನು ಕೊಡಬೇಕು ಅನ್ನೋದನ್ನು ಡಾಕ್ಟರೇ ಹೇಳಲಿ. ಅಂಗಡಿಯವನು ಹೇಳೋದು ಬೇಡ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಬಾಟಲಿ, ಡಬ್ಬಿ ಆಹಾರಕ್ಕೆ ಜಾಹೀರಾತು ಕೊಡೋದನ್ನು ನಮ್ಮ ದೇಶದ 1992ರ ಕಾನೂನು ತಡೆಯುತ್ತದೆ. ಸುಮ್ನೆ ಮಾಡಿದ ಕಾನೂನಲ್ಲ ಅದು.

ಬಾಟಲಿ ಬಿಡಿಸಿ, ಬಟ್ಟಲು-ಚಮಚಕ್ಕೆ ಬನ್ನಿ. ಕಾರಣ ಬರೀ ಸ್ವಚ್ಛತೆ ಅಲ್ಲ. ಬಾಟಲಿ ಹಿಡಿದವರ ಕಣ್ಣು ಕೂಸಿನ ಮುಖದ ಮೇಲಿರೋದಿಲ್ಲ, ಬಾಟಲಿಯಲ್ಲಿ ಉಳಿದ ಹಾಲಿನ ಮೇಲಿರುತ್ತದೆ. ‘ಇಷ್ಟೇ ಉಳದದ, ಮುಗಿಸಿಬಿಡೋಣ’ ಅನಿಸುತ್ತದೆ. ಕೂಸಿಗೆ ಸಾಕಾಗಿರುತ್ತದೆ, ಆದರೂ ಗಂಟಲಿಗೆ ಇಳಿಯುತ್ತದೆ. ದಿನಾ ಹೀಗಾದರೆ ತನ್ನ ಹೊಟ್ಟೆ ತುಂಬಿದ್ದು ಕೂಸಿಗೇ ತಿಳಿಯದಂತಾಗುತ್ತದೆ. ಫೋನ್ ಹಚ್ಚಿ ತಿನ್ನಿಸಿದಾಗಲೂ ಆಗುವುದು ಇದೇ. ಚಿತ್ರದ ಮೇಲೆ ಗಮನ, ಬಾಯಿ ತಾನಾಗೇ ತೆರೆಯುತ್ತದೆ.

ಹಸಿವಾದ ಕೂಸು ಚಮಚ ಕಂಡ ತಕ್ಷಣ ಮುಂದೆ ಬಾಗುತ್ತದೆ, ಕೈಕಾಲು ಆಡಿಸುತ್ತದೆ. ಸಾಕಾದ ಕೂಸು ಮುಖ ತಿರುಗಿಸುತ್ತದೆ, ತುಟಿ ಬಿಗಿ ಮಾಡುತ್ತದೆ, ಚಮಚ ನೂಕುತ್ತದೆ, ಬೇರೆ ಕಡೆ ನೋಡಿ ಆಟಕ್ಕೆ ಇಳಿಯುತ್ತದೆ. ಆಗ ನಿಲ್ಲಿಸಿಬಿಡಬೇಕು, ಎರಡು ತುತ್ತು ಉಳಿದಿದ್ದರೂ ಸರಿ. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನೋದು ದೊಡ್ಡವರ ಕೈಲಿರಲಿ. ಎಷ್ಟು ತಿನ್ನಬೇಕು ಅನ್ನೋದನ್ನು ಕೂಸಿಗೆ ಬಿಡಿ. ಈ ಇಡೀ ಕಂತಿನಲ್ಲಿ ಒಂದೇ ಒಂದು ಮಾತು ನೆನಪಿಡೋದಾದರೆ ಇದನ್ನು ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ.

ಅತ್ತ ಕೂಸಿಗೆಲ್ಲ ಹಸಿವಿರೋದಿಲ್ಲ. ನಿದ್ದೆ ಬಂದಿರಬಹುದು, ಸೆಖೆ ಆಗಿರಬಹುದು, ಬಟ್ಟೆ ಒದ್ದೆಯಾಗಿರಬಹುದು. ಎತ್ತಿಕೊಳ್ಳಲಿ ಅಂತಲೇ ಅಳುತ್ತಿರಬಹುದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನರ್ಸ್‌ಗಳು ಚೊಚ್ಚಲ ತಾಯಂದಿರ ಮನೆಗೆ ಹೋಗಿ ಇದನ್ನೇ ಕಲಿಸಿದರು. ಅಳುವ ಕೂಸಿಗೆ ಮೊದಲು ತಿನ್ನಿಸದೆ ಸಮಾಧಾನ ಮಾಡಿ ನೋಡೋದು, ನಿದ್ದೆಗೆ ಒಂದು ಹೊತ್ತು ಗೊತ್ತು ಮಾಡೋದು, ಹಸಿವಿನ ಗುರುತು ಹಿಡಿಯೋದು. ಆ ಮಕ್ಕಳು 3 ವರ್ಷದವರಾದಾಗ ಉಳಿದವರಿಗಿಂತ ತೂಕದ ಅಳತೆಯಲ್ಲಿ ಸ್ವಲ್ಪ ಕೆಳಗಿದ್ದರು. ವ್ಯತ್ಯಾಸ ಸಣ್ಣದೇ. ಆದರೆ ಅದಕ್ಕೆ ಖರ್ಚಾದದ್ದು ಮಾತು ಮತ್ತು ತಾಳ್ಮೆ ಮಾತ್ರ.

ಊಟಕ್ಕೆ ಬರೋಣ. ಚಹಾ, ಬಿಸ್ಕೀಟು, ಸಕ್ಕರೆ ಇವತ್ತೇ ನಿಲ್ಲಲಿ. ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ, ಉಪ್ಪು ಜಾಸ್ತಿ ಇರುವ ತಿನಿಸು ಬೇಡ, ಸಿಹಿ ಪಾನೀಯ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬೆಲ್ಲಕ್ಕೂ ಇದೇ ಮಾತು. ಬದಲಿಗೆ ಕೊಡೋದಕ್ಕೆ ನಮ್ಮ ಅಡುಗೆಮನೆಯಲ್ಲಿ ಏನು ಕಡಿಮೆ ಇದೆ? ಜೋಳದ ನುಚ್ಚು ಮೆತ್ತಗೆ ಕುದಿಸಿ ಹೆಸರುಬೇಳೆ ಜೊತೆ ಹಿಸುಕಿ ಕೊಡಿ. ಬಿಸಿ ರೊಟ್ಟಿಯ ಮೆತ್ತನೆ ಭಾಗವನ್ನು ಖಾರ ಹಾಕದ ಬೇಳೆಯಲ್ಲಿ ನೆನೆಸಿ ಕೊಡಿ. ಗಜ್ಜರಿ, ಕುಂಬಳಕಾಯಿ, ಪಾಲಕ್, ಬಾಳೆಹಣ್ಣು, ಸಪೋಟ ಎಲ್ಲ ಆಗುತ್ತದೆ. ತಿನ್ನುವ ಮನೆಯಾದರೆ ಬೇಯಿಸಿದ ತತ್ತಿ. ಎಂಟು ತಿಂಗಳಿಗೆ ದಿನಕ್ಕೆ ಎರಡು-ಮೂರು ಊಟ, ಒಂದೊಂದು ಊಟಕ್ಕೆ 250 ಮಿ.ಲೀ ಬಟ್ಟಲಿನ ಅರ್ಧದಷ್ಟು. ಅದಕ್ಕಿಂತ ದೊಡ್ಡ ತಟ್ಟೆ ಇಟ್ಟುಕೊಂಡರೆ ತಿನ್ನಿಸುವವರಿಗೆ ಮುಗಿಸುವ ಆಸೆ ಬರುತ್ತದೆ.

ಈಗ ಅತ್ತೆಯ ಮಾತು. ತಂಗಿ, ನಿಮ್ಮ ಅತ್ತೆ ಹಗಲೆಲ್ಲ ಕೂಸನ್ನು ಎತ್ತಿ ಆಡಿಸುತ್ತಾರೆ. ಅವರ ಮಂಡಿ ನೋವು, ಅವರ ಮಧ್ಯಾಹ್ನದ ನಿದ್ದೆ, ಎಲ್ಲ ಈ ಕೂಸಿಗೆ ಹೋಗಿದೆ. ಅವರಿಲ್ಲದಿದ್ದರೆ ನೀವು ಕೆಲಸಕ್ಕೆ ಹೋಗಲು ಆಗುತ್ತಿರಲಿಲ್ಲ, ಅಲ್ವಾ? ಕೂಸು ದುಂಡಗಾಗಿದ್ದು ಅವರಿಗೆ ತಮ್ಮ ಸೇವೆಗೆ ಸಿಕ್ಕ ಫಲ. ಅದನ್ನೇ ತಪ್ಪು ಎಂದು ಸೊಸೆ ಬಾಯಿಂದ ಕೇಳಿದರೆ ಯಾರಿಗೂ ಕರುಳು ಚುರ್ ಅನ್ನುತ್ತದೆ. ಆದ್ದರಿಂದ ನೀವು ಹೇಳಬೇಡಿ. ಮುಂದಿನ ಸಲ ಡಾಕ್ಟರ್ ಹತ್ತಿರ ಅವರನ್ನೇ ಕರೆದುಕೊಂಡು ಹೋಗಿ. ಗೆರೆ ಹಾಕಿದ ಚಾರ್ಟನ್ನು ಡಾಕ್ಟರು ಅವರಿಗೇ ತೋರಿಸಲಿ. ನಿಮ್ಮ ಗಂಡನೂ ಜೊತೆಗಿರಲಿ. ತಾಯಿಗೆ ಹೇಳುವ ಮಾತನ್ನು ಮಗನೇ ಹೇಳಬೇಕು. ಹೆಂಡತಿಯನ್ನು ಮುಂದೆ ಬಿಟ್ಟು ತಾನು ಪೇಪರ್ ಓದುತ್ತ ಕೂಡಬಾರದು.

ಮನೆಗೆ ಬಂದ ಮೇಲೆ ‘ಇದು ಬೇಡ, ಅದು ಬೇಡ’ ಎಂಬ ಪಟ್ಟಿ ಕೊಡಬೇಡಿ. ‘ಅತ್ತೆ, ನಾಳೆ ಮಗುಗೆ ಏನು ಮಾಡೋಣ, ನುಚ್ಚೋ ಮೆತ್ತನೆ ಅನ್ನವೋ?’ ಎಂದು ಕೇಳಿ. ಕೂಸಿನ ಅಡುಗೆ ಅವರ ಅಧಿಕಾರದಲ್ಲೇ ಇರಲಿ. ಎಂಟು ತಿಂಗಳ ಮಗುವಿಗೆ ಹೇಗೆ ತಿನ್ನಿಸಬೇಕು ಅನ್ನೋ ವಿದ್ಯೆ ಅವರ ಕೈಯಲ್ಲಿ ಇದ್ದೇ ಇದೆ. ಫೋನ್ ಇಲ್ಲದ ಕಾಲದಲ್ಲಿ ಕಾಗಿ-ಗುಬ್ಬಿ ತೋರಿಸಿ ನಿಮ್ಮ ಗಂಡನಿಗೆ ತಿನ್ನಿಸಿದವರು ಅವರೇ ಅಲ್ಲವೇ.

ಒಂದು ಎಚ್ಚರಿಕೆ. ತೂಕ ಏರುತ್ತಿದ್ದು ಉದ್ದ ಬೆಳೆಯುವುದು ನಿಂತಿದ್ದರೆ, ಅಥವಾ ಕತ್ತು ನಿಲ್ಲೋದು, ಕೂಡೋದು ತಡವಾಗಿದ್ದರೆ ಅದು ಊಟದ ವಿಷಯವಲ್ಲದೇ ಇರಬಹುದು. ಥೈರಾಯ್ಡ್‌ನಂಥ ಕಾರಣವಿದೆಯೇ ಎಂದು ಡಾಕ್ಟರೇ ನೋಡಬೇಕು.

ನಾನು ನಾಲ್ಕು ಮೊಮ್ಮಕ್ಕಳ ಆಯಿ. ನಮ್ಮ ಕಾಲದಲ್ಲಿ ಮೈತುಂಬಿದ ಕೂಸನ್ನು ಕಂಡು ದೃಷ್ಟಿ ತೆಗೆಯುತ್ತಿದ್ದೆವು. ಈಗ ಸೊಸೆ ತುಪ್ಪದ ಚಮಚ ಕೂಡ ಅಳೆಯುತ್ತಾಳೆ. ನಮ್ಮೂರಲ್ಲಿ ಇನ್ನೂ ಎಷ್ಟೋ ಮಕ್ಕಳು ಎಲುಬು ಕಾಣುವಂತೆ ಇದ್ದಾರೆ. ಹೀಗಿರುವಾಗ ದಪ್ಪ ಕೂಸಿನ ಚಿಂತೆ ಯಾಕೆ?
— ಒಬ್ಬ ಅಜ್ಜಿ, ಮುಳಗುಂದ, ಗದಗ ಜಿಲ್ಲೆ

ಅಕ್ಕಾ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಶೇ. 19.5 ಮಕ್ಕಳು ಎತ್ತರಕ್ಕೆ ತಕ್ಕ ತೂಕ ಇಲ್ಲದೆ ಸೊರಗಿದ್ದಾರೆ. ಅಧಿಕ ತೂಕದ ಮಕ್ಕಳು ಇಡೀ ದೇಶದಲ್ಲಿ ಶೇ. 3.4. ಅಂದರೆ ಸೊರಗಿದ ಮಕ್ಕಳೇ ಬಹಳ ಜಾಸ್ತಿ. ಅವರನ್ನು ಮರೆತು ದಪ್ಪ ಮಕ್ಕಳ ಬಗ್ಗೆ ಮಾತಾಡಿದರೆ ಅದು ಅನ್ಯಾಯ. ಆದರೆ ಅದೇ 3.4 ಅದರ ಹಿಂದಿನ ಸಮೀಕ್ಷೆಯಲ್ಲಿ 2.1 ಇತ್ತು. ಏರುತ್ತಿದೆ ಅನ್ನೋದಂತೂ ನಿಜ.

ಇನ್ನೊಂದು ಸಂಗತಿ ಕೇಳಿ. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಜೊತೆಗಾರರು ಹಳ್ಳಿಯ ಬಸುರಿಯರನ್ನು, ಅವರಿಗೆ ಹುಟ್ಟಿದ ಕೂಸುಗಳನ್ನು ಅಳೆದರು. ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿದರು. ನಮ್ಮ ಕೂಸುಗಳ ತೂಕ ಕಡಿಮೆ, ಮಾಂಸಖಂಡ ಕಡಿಮೆ. ಕೊಬ್ಬು ಮಾತ್ರ ಅಷ್ಟು ಕಡಿಮೆ ಇರಲಿಲ್ಲ. 2003ರಲ್ಲಿ ಇದು ಪ್ರಕಟವಾಯಿತು. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ದೆಹಲಿಯಲ್ಲಿ ಹುಟ್ಟಿನಿಂದ ದೊಡ್ಡವರಾಗುವವರೆಗೆ ಹಿಂಬಾಲಿಸಿದ ಇನ್ನೊಂದು ಅಧ್ಯಯನವಿದೆ. ಎಳವೆಯಲ್ಲಿ ತೆಳ್ಳಗಿದ್ದು, ಎರಡು ವರ್ಷ ದಾಟಿದ ಮೇಲೆ ವೇಗವಾಗಿ ಮೈ ತುಂಬಿಕೊಂಡವರಲ್ಲೇ ಮುಂದೆ ಸಕ್ಕರೆ ಕಾಯಿಲೆ ಜಾಸ್ತಿ ಕಂಡಿತು. ಆದ್ದರಿಂದ ಸಣ್ಣಗೆ ಹುಟ್ಟಿದ ಕೂಸಿಗೆ ಎಣ್ಣೆ, ತುಪ್ಪ, ಸಕ್ಕರೆ ಸುರಿದು ಬೇಗ ದಪ್ಪ ಮಾಡಿಬಿಡಬೇಕು ಅನ್ನೋ ಅವಸರ ಬೇಡ. ಅದಕ್ಕೆ ಬೇಕಾದದ್ದು ಎದೆಹಾಲು, ಆರು ತಿಂಗಳ ಮೇಲೆ ಬೇಳೆ, ಸೊಪ್ಪು, ಹಣ್ಣು, ತತ್ತಿ, ಹುಡಿ ಮಾಡಿದ ಶೇಂಗಾ. ಸೊರಗಿದ ಕೂಸಿಗೂ ದುಂಡಗಿನ ಕೂಸಿಗೂ ಬೇಕಾದ ಊಟ ಬಹುತೇಕ ಒಂದೇ.

ತುಪ್ಪದ ವಿಷಯದಲ್ಲಿ ನಾನು ನಿಮ್ಮ ಕಡೆಗೇ ಇದ್ದೇನೆ. ಕೂಸಿನ ಅನ್ನಕ್ಕೆ ಒಂದು ಸಣ್ಣ ಚಮಚ ತುಪ್ಪ ಬೇಕು. ಮಿದುಳು ಬೆಳೆಯುವ ವಯಸ್ಸು ಅದು. ಸೊಸೆಗೆ ನನ್ನ ಹೆಸರು ಹೇಳಿ ಹಾಕಿಸಿ. ನಿಮ್ಮ ಹತ್ತಿರವೂ ಒಂದು ಬೇಡಿಕೆ ಇದೆ. ಮೊಮ್ಮಗು ಅತ್ತಾಗ ಪೇಡೆ, ಚಾಕ್ಲೇಟು ಕೈಗಿಡಬೇಡಿ. ಅದರ ಬದಲು ನಿಮ್ಮ ತೊಡೆಯ ಮೇಲೆ ಕೂಡಿಸಿಕೊಂಡು ಒಂದು ಹಾಡು ಹೇಳಿ.

ನನ್ನ ಹೆಂಡತಿ ಐದು ತಿಂಗಳ ಬಸುರಿ. ಪರೀಕ್ಷೆಯಲ್ಲಿ ಶುಗರ್ ಬಂದಿದೆ ಎಂದರು. ಏಳರಲ್ಲಿ ಕುಬಸ, ಆಮೇಲೆ ತವರಿಗೆ ಹೋಗುತ್ತಾಳೆ. ಶುಗರ್ ಇದ್ದರೆ ಕೂಸು ದಪ್ಪ ಹುಟ್ಟುತ್ತದಂತೆ ನಿಜವೇ? ಗಂಡನಾಗಿ ನಾನೇನು ಮಾಡಬೇಕು?
— ಒಬ್ಬ ಓದುಗ, ರಾಣೆಬೆನ್ನೂರು

ಕೂಸು ಹುಟ್ಟುವ ಮೊದಲೇ ಕೇಳಿದ್ದೀರಿ, ಅದಕ್ಕೆ ಬಹಳ ಸಂತೋಷವಾಯಿತು. ನನಗೆ ಬರುವ ಪತ್ರಗಳಲ್ಲಿ ತಂದೆಯವು ತೀರಾ ಕಡಿಮೆ.

ಹೌದು, ತಾಯಿಯ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಅದು ಹೊಕ್ಕುಳಬಳ್ಳಿಯಿಂದ ಕೂಸಿಗೂ ಹೋಗುತ್ತದೆ. ಕೂಸು ತನ್ನ ಇನ್ಸುಲಿನ್ ಜಾಸ್ತಿ ಮಾಡಿಕೊಳ್ಳುತ್ತದೆ. ಬಂದ ಸಕ್ಕರೆ ಕೊಬ್ಬಾಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಬಸಿರಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, 5 ವರ್ಷದ ಹೊತ್ತಿಗೆ ಚರ್ಮದಡಿಯ ಕೊಬ್ಬು ಜಾಸ್ತಿ ಕಂಡಿತು. ಹೆದರಬೇಡಿ. ಸಕ್ಕರೆ ಹತೋಟಿಗೆ ಬಂದರೆ ಕೂಸು ತೀರಾ ದಪ್ಪ ಆಗುವ ಅಪಾಯ ಕಡಿಮೆಯಾಗುತ್ತದೆ. ಐದನೇ ತಿಂಗಳಲ್ಲೇ ಗೊತ್ತಾಗಿದ್ದು ನಿಮ್ಮ ಪುಣ್ಯ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿನ ಮೇಲೆ ಮಾಡುವ ಆ ರಕ್ತಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲೂ ಆಗುತ್ತದೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಶುಗರ್ ಎಂದು ಹಿಡಿಯುತ್ತಾರೆ. ಇನ್ನೂ ಮಾಡಿಸದ ಬಸುರಿಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಮಾಡಿಸಿ.

ನೀವು ಮಾಡಬೇಕಾದ್ದು ಬಹಳ ಇದೆ. ಅವಳ ಜೊತೆ ನೀವೂ ಸಿಹಿ ಬಿಡಿ. ಮನೆಯಲ್ಲಿ ಎಲ್ಲರೂ ಜಿಲೇಬಿ ತಿನ್ನುತ್ತ ಅವಳೊಬ್ಬಳಿಗೆ ಬೇಡ ಎಂದರೆ ಅದು ಶಿಕ್ಷೆ. ಊಟವಾದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ನಡೆಯಿರಿ, ಡಾಕ್ಟರು ನಡೆಯಬಹುದು ಎಂದಿದ್ದರೆ. ‘ಇಬ್ಬರ ಊಟ ಮಾಡು’ ಅನ್ನುವವರಿಗೆ ನೀವೇ ಉತ್ತರ ಕೊಡಿ. ಕುಬಸದ ದಿನ ಬಂದವರೆಲ್ಲ ಒಂದೊಂದು ಸಿಹಿ ತುತ್ತು ಇಡುತ್ತಾರೆ. ಮೊದಲೇ ಹಿರಿಯರಿಗೆ ಹೇಳಿ, ಉಡಿ ತುಂಬುವುದು, ಹಸಿರು ಬಳೆ, ಹಾಡು ಎಲ್ಲ ಇರಲಿ, ತುತ್ತು ಮಾತ್ರ ಬಾಯಿಗೆ ಮುಟ್ಟಿಸಿ ಸಾಕು ಅನ್ನಿ.

ಇನ್ನು ತವರಿಗೆ ಕಳಿಸುವ ವಿಷಯ. ನಮ್ಮ ಕಡೆ ಇದೇ ದೊಡ್ಡ ಕೊಂಡಿ ತಪ್ಪುವ ಜಾಗ. ಹೆಂಡತಿಯ ಜೊತೆ ಆಸ್ಪತ್ರೆಗೆ ಹೋಗಿದ್ದು ನೀವು, ಡಾಕ್ಟರ್ ಮಾತು ಕೇಳಿದ್ದು ನೀವು. ಬಾಣಂತನ ಮಾಡುವವರು ನಿಮ್ಮ ಅತ್ತೆ. ಅವರಿಗೆ ಏನೂ ಗೊತ್ತಿರೋದಿಲ್ಲ. ಅಂಟಿನ ಉಂಡೆ, ಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಎಲ್ಲ ಪ್ರೀತಿಯಿಂದ ಕಟ್ಟಿ ಇಟ್ಟಿರುತ್ತಾರೆ. ಕೆಲವು ತಿಂಗಳ ಮೇಲೆ ತಾಯಿ-ಕೂಸು ನಿಮ್ಮ ಮನೆಗೆ ಬಂದಾಗ ಇನ್ನೊಬ್ಬ ಅಜ್ಜಿ, ಇನ್ನೊಂದು ಪದ್ಧತಿ. ಒಂದು ಮನೆಯಲ್ಲಿ ಎದೆಹಾಲು ಸಾಕು ಅಂದಿದ್ದರೆ ಇನ್ನೊಂದು ಮನೆಯಲ್ಲಿ ‘ಕೂಸು ಅಳತೈತಿ, ಹಾಲು ಸಾಲದು’ ಎಂದು ಬಾಟಲಿ ಬರುತ್ತದೆ. ಎದೆಹಾಲು ನಿಂತ ಎಷ್ಟೋ ಬಾಣಂತಿಯರ ಮನೆಯಲ್ಲಿ ವಿಚಾರಿಸಿದಾಗ, ಆ ಮನೆ ಬದಲಾದ ವಾರವೇ ಬಾಟಲಿ ಶುರುವಾದದ್ದು ತಿಳಿಯುತ್ತಿತ್ತು.

ಆದ್ದರಿಂದ ಇಬ್ಬರು ಅಜ್ಜಿಯರನ್ನೂ ಒಂದು ಸಲ ಆಸ್ಪತ್ರೆಗೆ ಕರೆದೊಯ್ಯಿರಿ. ಆಗದಿದ್ದರೆ ಡಾಕ್ಟರ್ ಹೇಳಿದ್ದನ್ನು ಕಾಗದದಲ್ಲಿ ದೊಡ್ಡಕ್ಷರದಲ್ಲಿ ಬರೆದು ಎರಡೂ ಅಡುಗೆಮನೆಯ ಗೋಡೆಗೆ ಹಚ್ಚಿ. ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು. ಆರು ತಿಂಗಳು ತುಂಬುವವರೆಗೆ ಬರೀ ಎದೆಹಾಲು. ನೀರು, ಗುಟ್ಟಿ, ಜೇನು ಏನೂ ಬೇಡ. ಆರು ತಿಂಗಳ ಮೇಲೆ ಮನೆ ಊಟ, ಎದೆಹಾಲು ಎರಡು ವರ್ಷ ಮತ್ತು ಆಚೆಗೂ. ಇಷ್ಟು ಬರೆದರೆ ಸಾಕು.

ವಾರಕ್ಕೊಮ್ಮೆ ಅತಿಥಿಯಂತೆ ಹೋಗಿ ಬರಬೇಡಿ. ಹೋದಾಗ ಒಂದು ರಾತ್ರಿ ಕೂಸನ್ನು ನೀವು ಎತ್ತಿಕೊಳ್ಳಿ, ತೇಗು ಬರಿಸಿ, ಬಟ್ಟೆ ಬದಲಿಸಿ. ನಿದ್ದೆಗೆಟ್ಟು ಸೋತ ತಾಯಿಯೇ ಬೇಗ ಬಾಟಲಿಗೆ ಕೈ ಹಾಕೋದು. ಅವಳಿಗೆ ನಾಲ್ಕು ತಾಸು ನಿದ್ದೆ ಸಿಗುವಂತೆ ಮಾಡಿದರೆ ಅದೇ ನೀವು ಕೂಸಿಗೆ ಮಾಡುವ ಉಪಕಾರ. ಹೆರಿಗೆಯಾಗಿ ಆರು ವಾರಕ್ಕೆ ಅವಳ ಶುಗರ್ ಪರೀಕ್ಷೆ ಮತ್ತೆ ಮಾಡಿಸಿ. ಕೂಸಿನ ಗಡಿಬಿಡಿಯಲ್ಲಿ ಇದನ್ನು ಎಲ್ಲರೂ ಮರೆಯುತ್ತಾರೆ.

ನಾನು ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಹೇಳುತ್ತೇವೆ. ನಾವು ಎದ್ದ ಮೇಲೆ ಅದೇ ಬಿಸ್ಕೀಟು, ಅದೇ ಬಾಟಲಿ. ನಮ್ಮ ಮಾತಿನಿಂದ ಏನಾದರೂ ಉಪಯೋಗ ಇದೆಯಾ?
— ಕುಂದಗೋಳ ತಾಲ್ಲೂಕು

ತಂಗಿ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಉಪಯೋಗ ಇದೆ. ಆದರೆ ಎಷ್ಟು, ಯಾವಾಗ ಅನ್ನೋದನ್ನು ಪ್ರಾಮಾಣಿಕವಾಗಿ ಹೇಳಬೇಕು.

ಆಸ್ಟ್ರೇಲಿಯಾದ ಸಿಡ್ನಿಯ ಬಡ ಬಡಾವಣೆಗಳಲ್ಲಿ ನರ್ಸ್‌ಗಳು ಚೊಚ್ಚಲ ತಾಯಂದಿರ ಮನೆಗೆ ಎಂಟು ಸಲ ಹೋದರು. ಮೊದಲ ಸಲ ಬಸಿರಿನಲ್ಲೇ, ಕೊನೆಯ ಸಲ ಕೂಸಿಗೆ ಎರಡು ವರ್ಷ ತುಂಬಿದಾಗ. ಆ ಹೊತ್ತಿಗೆ ಆ ಮಕ್ಕಳ ಬಿಎಂಐ, ಅಂದರೆ ಎತ್ತರದ ಲೆಕ್ಕದಲ್ಲಿ ತೂಕದ ಅಳತೆ, ಉಳಿದ ಮಕ್ಕಳಿಗಿಂತ ಸುಮಾರು 0.3 ಕಡಿಮೆ ಇತ್ತು. ಊಟದ ಹೊತ್ತಿಗೆ ಟಿವಿ ಹಚ್ಚುವುದೂ ಕಡಿಮೆಯಾಗಿತ್ತು. 2012ರಲ್ಲಿ ಇದು ಪ್ರಕಟವಾಯಿತು. ಆದರೆ ಭೇಟಿ ನಿಂತ ಮೇಲೆ, ಮಕ್ಕಳು ಐದು ವರ್ಷದವರಾಗುವ ಹೊತ್ತಿಗೆ, ತೂಕದ ಆ ವ್ಯತ್ಯಾಸ ಅಳಿಸಿಹೋಗಿತ್ತು. 2025ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ದೇಶಗಳ ಇಂಥ ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡಿದ ವರದಿ ಬಂತು. ಮೊದಲ ವರ್ಷದಲ್ಲಿ ತಂದೆತಾಯಿಗೆ ತಿಳಿವಳಿಕೆ ಕೊಡುವ ಕೆಲಸದಿಂದ ಎರಡು ವರ್ಷದ ಹೊತ್ತಿಗೆ ತೂಕದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ ಕೆಲವರು ‘ಹಾಗಾದರೆ ಮನೆಭೇಟಿ ದಂಡ’ ಎಂದರು. ನಾನು ಹಾಗೆ ಓದುವುದಿಲ್ಲ. ತಾಯಿಯೊಬ್ಬಳಿಗೆ ಹೇಳಿ ಬಂದರೆ ಸಾಲದು ಎಂದೇ ಅದು ಹೇಳುತ್ತಿದೆ. ಅವಳಿಗೆ ಹಣ್ಣು-ತತ್ತಿ ಕೊಳ್ಳುವ ದುಡ್ಡು ಬೇಕು, ಕೂಸಿಗೆ ಕುಡಿಸುವ ರಜೆ ಬೇಕು, ಹತ್ತು ರೂಪಾಯಿ ಪೊಟ್ಟಣದ ತಿನಿಸು ಓಣಿಯ ಪ್ರತಿ ಅಂಗಡಿಯಲ್ಲೂ ಕಣ್ಣಿಗೆ ನೇತಾಡದಂತೆ ಇರಬೇಕು. ಕೆಲಸ ಮಾಡುವ ತಾಯಿಗೆ 2017ರಿಂದ ಕಾನೂನಿನಲ್ಲಿ 26 ವಾರ ಹೆರಿಗೆ ರಜೆ ಇದೆ. ಹೊಲದಲ್ಲಿ ಕಳೆ ತೆಗೆಯುವ ತಾಯಿಗೆ ಏನಿದೆ? ಅಂಥವಳಿಗೆ ಬುದ್ಧಿವಾದ ಹೇಳಿ ಎದ್ದು ಬರುವುದು ನಮಗೂ ಕಷ್ಟವೇ.

ನಿಮ್ಮ ಕೈಯಲ್ಲಿ ಇರುವುದು ಇಷ್ಟು. ಕೂಸಿಗೆ 3, 6, 9, 12, 15 ತಿಂಗಳಾದಾಗ ಹೇಗೂ ಭೇಟಿ ಇದೆ. ಅಜ್ಜಿ ಮನೆಯಲ್ಲಿರುವ ಹೊತ್ತಿಗೆ ಹೋಗಿ. ಭಾಷಣಕ್ಕಿಂತ ಒಂದು ಊಟ ನೋಡುವುದು ಮೇಲು: ನಿಮ್ಮ ಎದುರಿಗೇ ತಿನ್ನಿಸಲಿ, ಕೂಸು ಮುಖ ತಿರುಗಿಸಿದಾಗ ‘ನೋಡಿ ಆಯಿ, ಸಾಕು ಅಂತದ’ ಎಂದು ತೋರಿಸಿ. ಒಂದು ಭೇಟಿಗೆ ಒಂದೇ ಮಾತು. ಹೇಳಿದ್ದರಲ್ಲಿ ಅರ್ಧ ನಡೆದರೂ ಅದನ್ನು ಹೊಗಳಿ. ಮುಂದಿನ ಮಾತನ್ನು ಮುಂದಿನ ಸಲಕ್ಕೆ ಇಡಿ.

ಉಳಿದ ಪತ್ರಗಳು, ಚಿಕ್ಕ ಉತ್ತರ

*ಬರೀ ಎದೆಹಾಲು ಕುಡಿಯುವ ನಾಲ್ಕು ತಿಂಗಳ ಮಗಳು ಬಹಳ ದುಂಡಗಿದ್ದಾಳೆ. ಹಾಲು ಕಡಿಮೆ ಮಾಡಲೇ?* (ಬೆಟಗೇರಿ) — ಬೇಡ. ಎದೆಹಾಲಿನ ದುಂಡುತನಕ್ಕೆ ಹೆದರಬೇಡಿ. ತೆವಳಿ, ನಡೆಯಲು ಶುರು ಮಾಡಿದಾಗ ಹೆಚ್ಚಿನ ಮಕ್ಕಳ ಮೈ ಸರಿಹೋಗುತ್ತದೆ. ಅವಳು ಕೇಳಿದಾಗ ಕುಡಿಸಿ, ಬಿಟ್ಟಾಗ ಬಿಡಿ.

*ನಾಲಿಗೆಗೆ ಜೇನು ಹಚ್ಚುವುದು ನಮ್ಮ ಪದ್ಧತಿ.* (ಬ್ಯಾಡಗಿ) — ಒಂದು ವರ್ಷದೊಳಗೆ ಜೇನು ಒಂದು ಹನಿಯೂ ಬೇಡ. ತೂಕದ ಕಾರಣಕ್ಕಲ್ಲ. ಜೇನಿನಲ್ಲಿ ಇರಬಹುದಾದ ಒಂದು ರೋಗಾಣು ಕೂಸಿನ ಹೊಟ್ಟೆಯಲ್ಲಿ ಬೆಳೆದು ನರಗಳನ್ನೇ ಸೋಲಿಸಬಲ್ಲದು.

*ಅಂಗಡಿಯ ಮಕ್ಕಳ ಪುಡಿ ಒಳ್ಳೆಯದೋ ಮನೆಯ ರಾಗಿ ಹಿಟ್ಟೋ?* (ನರಗುಂದ) — ಮನೆಯದೇ. ಅಂಗಡಿಯದು ತರಲೇಬೇಕಾದರೆ ಡಬ್ಬಿಯ ಹಿಂಬದಿ ಓದಿ. ಸಕ್ಕರೆ, ಮಾಲ್ಟೋಡೆಕ್ಸ್‌ಟ್ರಿನ್ ಎಂದಿದ್ದರೆ ಅಲ್ಲೇ ಇಟ್ಟು ಬನ್ನಿ. ಮನೆಯ ರಾಗಿ ಗಂಜಿಗೂ ಬೆಲ್ಲ ಬೇಡ, ಬಾಳೆಹಣ್ಣು ಹಿಸುಕಿ ಹಾಕಿ.

*ಕೂಸು ರಾತ್ರಿ ತಡವಾಗಿ ಮಲಗುತ್ತದೆ, ತೂಕಕ್ಕೂ ನಿದ್ದೆಗೂ ಸಂಬಂಧ ಇದೆಯಾ?* (ವಿದ್ಯಾನಗರ, ಹುಬ್ಬಳ್ಳಿ) — ಇದೆ. ನಿದ್ದೆ ಕಡಿಮೆಯಾದ ಮಕ್ಕಳಲ್ಲಿ ತೂಕ ಏರುವುದು ಹೆಚ್ಚು ಕಾಣುತ್ತದೆ. 4ರಿಂದ 11 ತಿಂಗಳ ಕೂಸಿಗೆ ಹಗಲಿನದೂ ಸೇರಿ 12ರಿಂದ 16 ತಾಸು ನಿದ್ದೆ ಬೇಕು. ಮನೆಯವರ ಟಿವಿ ಬೇಗ ಆರಿದರೆ ಕೂಸೂ ಬೇಗ ಮಲಗುತ್ತದೆ.

*ಹತ್ತು ತಿಂಗಳ ಮಗನನ್ನು ಗಾಲಿ ವಾಕರ್‌ನಲ್ಲಿ ಕೂಡಿಸಿದರೆ ವ್ಯಾಯಾಮ ಆಗಿ ತೂಕ ಇಳಿಯುತ್ತದಾ?* (ಧಾರವಾಡ) — ಇಲ್ಲ. ಕೂತು ಉರುಳುವ ಆ ವಾಕರ್‌ನಿಂದ ಮೆಟ್ಟಿಲ ಮೇಲಿಂದ ಬಿದ್ದು ತಲೆಗೆ ಪೆಟ್ಟಾಗುವ ಅಪಾಯವಿದೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನೆಲದ ಮೇಲೆ ಕೌದಿ ಹಾಸಿ ಬಿಡಿ. ತೆವಳಲಿ, ಗೋಡೆ ಹಿಡಿದು ನಿಲ್ಲಲಿ. ಇನ್ನೂ ಚಿಕ್ಕ ಕೂಸಾದರೆ ಎಚ್ಚರ ಇರುವಾಗ ಬೋರಲು ಮಲಗಿಸಿ, ದಿನಕ್ಕೆ ಬಿಟ್ಟುಬಿಟ್ಟು ಒಟ್ಟು ಅರ್ಧ ತಾಸು, ಪಕ್ಕದಲ್ಲಿ ಯಾರಾದರೂ ಕೂತಿರಬೇಕು.

*ತೂಕ ಎಲ್ಲಿ ನೋಡಿಸಬೇಕು?* (ಹಾನಗಲ್ಲ) — ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ನೋಡುತ್ತಾರೆ, ದುಡ್ಡು ಕೊಡಬೇಕಿಲ್ಲ. ತಾಯಿ ಕಾರ್ಡ್ ಮರೆಯದೆ ಒಯ್ಯಿರಿ. ತೂಕದ ಜೊತೆ ಉದ್ದವನ್ನೂ ಅಳೆಯಲು ಹೇಳಿ, ಎರಡನ್ನೂ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಪ್ರತಿ ಸಲ ಒಂದೇ ತಕ್ಕಡಿ, ಮೈಮೇಲೆ ತೆಳು ಬಟ್ಟೆ. ಚುಚ್ಚುಮದ್ದಿಗೆ ಹೋದಾಗ ಆ ಕಾರ್ಡನ್ನು ಡಾಕ್ಟರಿಗೆ ತೋರಿಸಿ.